ಮೂರೆಸಳಿನ ಗುರುತು: ವಿಕಿರಣಶೀಲ ವಸ್ತುಗಳ ರಸ್ತೆ ಸಾಗಾಟದ ನಿಯಮಗಳು

ವಿಷಯ ಪ್ರವೇಶ

ಕನ್ನಡ ಪಂಡಿತನಾದವನು ವಿಜ್ಞಾನದ ವಿಷಯವನ್ನೆತ್ತಿಕೊಂಡು ಬರೆಯಲು ಹೊರಡುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಹಾಗೆ ತೋರುವುದು ಸಹಜವೇ. ಆದರೆ ಈ ಪಾಠವನ್ನು ಬರೆಯಲು ನನ್ನನ್ನು ತೊಡಗಿಸಿದುದು ವಿಜ್ಞಾನದಲ್ಲಿ ನನಗಿರುವ ಅಧಿಕಾರವಲ್ಲ. ಓದಲು ಬಾರದೆ ಹೋದ ಒಂದು ಗುರುತು.

ನನ್ನ ಹುಟ್ಟೂರು ಸುಳ್ಯ ತಾಲೂಕಿನ ಕೊಲ್ಲಮೊಗ್ರು. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿಯನ್ನಿಳಿದು, ಗುಂಡ್ಯದ ಮೂಲಕ ಊರಿಗೆ ಹೋಗುತ್ತಿದ್ದೆ. ಘಾಟಿಯಲ್ಲಿ ಮರವೊಂದು ಅಡ್ಡಬಿದ್ದು ವಾಹನಗಳೆಲ್ಲ ಸಾಲಾಗಿ ನಿಂತವು. ನಮ್ಮ ಬಸ್ಸಿನ ಮುಂದೆ ಮುಚ್ಚಿದ ವ್ಯಾನೊಂದು ನಿಂತಿತ್ತು. ಅದರ ಹಿಂಭಾಗದಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಹ ಒಂದು ಫಲಕ. ಮೇಲರ್ಧ ಹಳದಿ, ಕೆಳಗಿನರ್ಧ ಬಿಳಿ. ಹಳದಿಯಲ್ಲಿ ಮೂರು ಕಪ್ಪು ಎಸಳುಗಳು. ಕೆಳಗಿನ ಮೂಲೆಯಲ್ಲಿ 7 ಎಂಬ ಅಂಕಿ. ಪರಿಚಯದ ಕಂಡಕ್ಟರು ನನ್ನ ಕಡೆ ತಿರುಗಿ, "ಮಾಷ್ಟ್ರೇ, ಅದೆಂಥ ಗುರ್ತು? ಹೂವಿನ ಹಾಗೆ ಉಂಟಲ್ಲ?" ಎಂದು ಕೇಳಿದರು. "ಯಾವುದೋ ಔಷಧದ ಕಂಪೆನಿಯದ್ದಿರಬೇಕು" ಎಂದುಬಿಟ್ಟೆ. ನನ್ನ ಮಾತನ್ನು ನಂಬಿ ನಾಲ್ಕಾರು ಜನರು ಇಳಿದುಹೋಗಿ, ಮಳೆಯ ಇರಚಲು ತಪ್ಪಿಸಿಕೊಳ್ಳಲು ಆ ವ್ಯಾನಿಗೆ ಒರಗಿ ನಿಂತರು. ಒಂದು ಮಗು ಆ ಎಸಳುಗಳ ಮೇಲೆ ಬೆರಳಾಡಿಸಿತು.

ಮರುದಿನ ಶಾಲೆಯ ವಿಜ್ಞಾನದ ಅಧ್ಯಾಪಕರಲ್ಲಿ ಪ್ರಸ್ತಾಪಿಸಿದಾಗ ಅವರು ಹುಬ್ಬೇರಿಸಿದರು. ಅದು ವಿಕಿರಣಶೀಲ ವಸ್ತುವಿನ ಸಾಗಾಟದ ಚಿಹ್ನೆಯೆಂದು ತಿಳಿದಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಹಳಗನ್ನಡದ ಕಠಿನ ಪದ್ಯಗಳಿಗೆ ಅನ್ವಯ ಹೇಳಬಲ್ಲೆನೆಂದು ಹೆಮ್ಮೆಪಡುತ್ತಿದ್ದವನು ಹಾದಿಯಲ್ಲಿ ಎದುರಾದ ಮೂರು ಎಸಳುಗಳನ್ನು ಓದಲಾರದೆ, ಓದಿದವನಂತೆ ಉತ್ತರವನ್ನೂ ಕೊಟ್ಟಿದ್ದೆ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ತಿಳಿದುಕೊಂಡುದನ್ನು ವಿದ್ಯಾರ್ಥಿಮಿತ್ರರ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ವಸ್ತುವಿನ ಸ್ವರೂಪ

ಕೆಲವು ವಸ್ತುಗಳ ಪರಮಾಣುಗಳು ಸ್ಥಿರವಾಗಿರದೆ ತಾವಾಗಿಯೇ ಒಡೆಯುತ್ತ, ಒಡೆಯುವಾಗ ಶಕ್ತಿಯನ್ನು ಹೊರಸೂಸುತ್ತವೆ. ಈ ಹೊರಸೂಸುವಿಕೆಯೇ ವಿಕಿರಣ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಶಬ್ದವಿಲ್ಲ. ಬೆಂಕಿಯಾದರೆ ಹೊಗೆಯಿಂದ ತಿಳಿಯುತ್ತದೆ, ಹಾವಾದರೆ ಬುಸುಗುಟ್ಟುತ್ತದೆ. ವಿಕಿರಣಕ್ಕೆ ಅಂತಹ ಯಾವ ಮುನ್ಸೂಚನೆಯೂ ಇಲ್ಲ. ಪಂಚೇಂದ್ರಿಯಗಳಿಗೆ ನಿಲುಕದ ಅಪಾಯವನ್ನು ಕಣ್ಣಿಗೆ ಕಾಣಿಸುವಂತೆ ಮಾಡುವುದಕ್ಕಾಗಿಯೇ ಮನುಷ್ಯನು ಚಿಹ್ನೆಯನ್ನು ಕಲ್ಪಿಸಬೇಕಾಯಿತು.

ವಿಕಿರಣಶೀಲ ವಸ್ತುವಿಗೆ ಅರ್ಧಾಯುಷ್ಯವೆಂಬ ಒಂದು ಲಕ್ಷಣವುಂಟು. ಇದ್ದ ಪರಮಾಣುಗಳಲ್ಲಿ ಅರ್ಧದಷ್ಟು ಒಡೆದುಹೋಗಲು ಬೇಕಾಗುವ ಕಾಲವೇ ಅರ್ಧಾಯುಷ್ಯ. ಅಯೊಡಿನ್-131ಕ್ಕೆ ಇದು ಸುಮಾರು 8 ದಿನ. ಇರಿಡಿಯಮ್-192ಕ್ಕೆ ಸುಮಾರು 74 ದಿನ. ಕೋಬಾಲ್ಟ್-60ಕ್ಕೆ 5 ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಸೀಸಿಯಮ್-137ಕ್ಕೆ ಸುಮಾರು 30 ವರ್ಷ. ಗೋದಾಮಿನಲ್ಲಿ ದಾಸ್ತಾನು ಮಾಡಿಡುವ ಸರಕು ಇದಲ್ಲವೆಂಬುದನ್ನು ಅಯೊಡಿನ್ನಿನ 8 ದಿನಗಳೇ ಹೇಳುತ್ತವೆ. ಅದು ತಯಾರಾದೊಡನೆ ಹೊರಡಬೇಕು, ಹೊರಟೊಡನೆ ತಲಪಬೇಕು.

ವಿಕಿರಣದಿಂದ ದೇಹಕ್ಕೆ ತಟ್ಟುವ ಪ್ರಮಾಣವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ಭೂಮಿಯಿಂದಲೂ ಆಕಾಶದಿಂದಲೂ ಉಸಿರಾಡುವ ಗಾಳಿಯಿಂದಲೂ ಪ್ರತಿಯೊಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ಸಹಜವಾಗಿಯೇ ತಟ್ಟುತ್ತದೆ. ನಮ್ಮ ಜಿಲ್ಲೆಯ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೋನಜೈಟ್ ಖನಿಜವಿರುವುದರಿಂದ ಅಲ್ಲಿ ಈ ಸಹಜ ವಿಕಿರಣ ಇತರ ಸ್ಥಳಗಳಿಗಿಂತ ಅಧಿಕ. ಮಾನವನಿರ್ಮಿತ ಮೂಲಗಳಿಂದ ಸಾರ್ವಜನಿಕರಿಗೆ ತಟ್ಟಬಹುದಾದುದಕ್ಕೆ ನಿಯಮವು ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಮಿತಿಯನ್ನು ಹಾಕಿದೆ. ಈ 1 ಎಂಬ ಸಂಖ್ಯೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ಮುಂದಿನ ಲೆಕ್ಕಗಳಿಗೆಲ್ಲ ಅದೇ ಅಳತೆಗೋಲು.

ನಮ್ಮ ನಾಡಿನ ಹಾದಿಗಳಲ್ಲಿ

ಇಂತಹ ವಸ್ತು ನಮ್ಮ ಹಾದಿಗಳಲ್ಲಿ ಏತಕ್ಕಾಗಿ ಸಂಚರಿಸಬೇಕು ಎಂದು ಕೇಳಬಹುದು. ಮೊದಲನೆಯದಾಗಿ ಆಸ್ಪತ್ರೆಗಳಿಗಾಗಿ. ಅರ್ಬುದ ರೋಗದ ಚಿಕಿತ್ಸೆಗೆ ಬೇಕಾದ ಕೋಬಾಲ್ಟ್ ಮತ್ತು ಇರಿಡಿಯಮ್, ಥೈರಾಯ್ಡ್ ಗ್ರಂಥಿಯ ಚಿಕಿತ್ಸೆಗೆ ಬೇಕಾದ ಅಯೊಡಿನ್ ಮೊದಲಾದವು ಬಹುಮಟ್ಟಿಗೆ ಮುಂಬಯಿಯ ಅಣುಶಕ್ತಿ ಸಂಸ್ಥೆಗಳಿಂದ ಹೊರಟು, ಕೊನೆಯ ಹಂತದಲ್ಲಾದರೂ ರಸ್ತೆಯ ಮೇಲೆಯೇ ಬರಬೇಕು. ಎರಡನೆಯದಾಗಿ ಕೈಗಾರಿಕೆಗಳಿಗಾಗಿ. ತೈಲಶುದ್ಧೀಕರಣ ಕಾರ್ಖಾನೆಗಳ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡಲು ಇರಿಡಿಯಮ್ ಇಟ್ಟ ಪೆಟ್ಟಿಗೆಯನ್ನು ಉಪಯೋಗಿಸುತ್ತಾರೆ. ಸಿಮೆಂಟು, ಕಾಗದ, ಅದಿರುಗಳ ಉದ್ಯಮದಲ್ಲಿ ದಪ್ಪ, ಸಾಂದ್ರತೆ, ಮಟ್ಟಗಳನ್ನು ಅಳೆಯಲು ಸೀಸಿಯಮ್ ಇಟ್ಟ ಮಾಪಕಗಳಿವೆ.

ಮೂರನೆಯದಾಗಿ ವಿದ್ಯುತ್ತಿಗಾಗಿ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲೂಕಿನಲ್ಲಿ, ಕಾಳೀ ನದಿಯ ತಟದಲ್ಲಿ, ಕೈಗಾ ಪರಮಾಣು ವಿದ್ಯುತ್ ಕೇಂದ್ರವಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ಅದರ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಮೊದಲನೆಯ ಘಟಕವು ನಿಲ್ಲದೆ 962 ದಿನ ನಡೆದು, 2018ರ ಡಿಸೆಂಬರಿನಲ್ಲಿ ಜಗತ್ತಿನ ದಾಖಲೆಯನ್ನು ನಿರ್ಮಿಸಿತು. ಇದಕ್ಕೆ ಬೇಕಾದ ಯುರೇನಿಯಮ್ ಇಂಧನವು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಸಿದ್ಧವಾಗುತ್ತದೆ. ಅರ್ಧ ಮೀಟರ್ ಉದ್ದದ, 19 ನಳಿಕೆಗಳನ್ನು ಒಟ್ಟುಗೂಡಿಸಿದ ಕಟ್ಟುಗಳ ರೂಪದಲ್ಲಿ ಅದು ರಸ್ತೆಯ ಮೂಲಕ ಬರುತ್ತದೆ.

ಇಲ್ಲಿ ಸಾಮಾನ್ಯರ ಎಣಿಕೆಗೆ ವಿರುದ್ಧವಾದ ಒಂದು ಸಂಗತಿಯುಂಟು. ಅಣುವಿದ್ಯುತ್ತಿನ ಇಂಧನವೆಂದರೆ ಎಲ್ಲಕ್ಕಿಂತ ಭೀಕರವೆಂದು ನಾವು ತಿಳಿಯುತ್ತೇವೆ. ಆದರೆ ಇನ್ನೂ ಉರಿಯದ ಸಹಜ ಯುರೇನಿಯಮ್ಮಿನ ವಿಕಿರಣ ಬಹಳ ದುರ್ಬಲವಾದುದು. ನಿಯಮದಲ್ಲಿ ಅದಕ್ಕೆ ಅತ್ಯಂತ ಸರಳವಾದ ವರ್ಗಗಳಲ್ಲೊಂದರಲ್ಲಿ ಸ್ಥಾನ. ಬೆಸುಗೆ ನೋಡುವ ಪೆಟ್ಟಿಗೆಯೊಳಗಿನ ಇರಿಡಿಯಮ್ ಮಾತ್ರೆ ಕಾಳಿನಷ್ಟೇ ಚಿಕ್ಕದು. ಅದು ಕವಚದಿಂದ ಹೊರಬಂದರೆ ಮುಟ್ಟಿದ ಕೈಯನ್ನು ಸುಡುತ್ತದೆ. ಅದೇ ಯುರೇನಿಯಮ್ ಸ್ಥಾವರದಲ್ಲಿ ಉರಿದ ಮೇಲಾದರೋ ಪ್ರಚಂಡವಾಗುತ್ತದೆ. ಆಗ ಅದನ್ನು ವರ್ಷಗಟ್ಟಲೆ ನೀರಿನಲ್ಲಿ ತಣಿಸಿ, ಅತಿ ದೃಢವಾದ ಪಾತ್ರೆಗಳಲ್ಲಿ ಮಾತ್ರ ಸಾಗಿಸಬೇಕಾಗುತ್ತದೆ. ಆದುದರಿಂದ ನಿಯಮವು ಗಾತ್ರವನ್ನಾಗಲಿ ಹೆಸರಿನ ಭಯವನ್ನಾಗಲಿ ನೋಡದೆ, ಗುಣವನ್ನೂ ಪ್ರಮಾಣವನ್ನೂ ನೋಡುತ್ತದೆ.

ನಿಯಮಗಳ ಹುಟ್ಟು

ಈ ಸಾಗಾಟಕ್ಕೆ ಲೋಕವೆಲ್ಲ ಒಪ್ಪುವ ನಿಯಮಗಳನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು 1961ರಲ್ಲಿ ಮೊದಲು ಪ್ರಕಟಿಸಿತು. ಅವು ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಬಂದಿವೆ. ನಮ್ಮ ದೇಶದಲ್ಲಿ 1983ರ ನವೆಂಬರ್ 15ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪಿತವಾಯಿತು. 1962ರ ಪರಮಾಣು ಶಕ್ತಿ ಅಧಿನಿಯಮದ ಅಡಿಯಲ್ಲಿ ವಿಕಿರಣ ಸಂರಕ್ಷಣಾ ನಿಯಮಗಳು 2004ರಲ್ಲಿ ರಚಿತವಾದವು. ಸಾಗಾಟವನ್ನೇ ಕುರಿತ ಮಂಡಳಿಯ ಸಂಹಿತೆಯು 2016ರಲ್ಲಿ ಪರಿಷ್ಕೃತವಾಗಿ ಹೊರಬಂದಿತು.

ಇವುಗಳ ಜೊತೆಗೆ 1989ರಲ್ಲಿ ರಚಿತವಾದ ಕೇಂದ್ರ ಮೋಟಾರು ವಾಹನ ನಿಯಮಗಳುಂಟು. ಅವುಗಳಲ್ಲಿ 9ನೆಯ ನಿಯಮವನ್ನು ಓದಿದಾಗ ಭಾಷಾಧ್ಯಾಪಕನಾದ ನನಗೆ ಆನಂದವೂ ಆಶ್ಚರ್ಯವೂ ಆದುವು. ಅಪಾಯಕರ ಸರಕನ್ನು ಒಯ್ಯುವ ವಾಹನದ ಚಾಲಕನಿಗೆ ವಿಶೇಷ ತರಬೇತಿ ಇರಬೇಕೆಂಬುದು ಸರಿಯೇ. ಅದರೊಡನೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಹೇಳಿದ ಭಾಷೆಗಳಲ್ಲಿ ಒಂದನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಅವನಿಗೆ ಬರಬೇಕೆಂದು ಆ ನಿಯಮವು ವಿಧಿಸಿತು. ವಾಹನದಲ್ಲಿ ಎಷ್ಟೇ ಬಲವಾದ ಪೆಟ್ಟಿಗೆಯಿದ್ದರೂ, ಪೆಟ್ಟಿಗೆಯ ಮೇಲಿನ ಬರಹವನ್ನು ಓದಲಾರದವನ ಕೈಗೆ ಅದನ್ನು ಕೊಡಕೂಡದು ಎಂಬುದೇ ಇದರ ತಾತ್ಪರ್ಯ.

ನಿಯಮಗಳು ಪುಟಗಟ್ಟಲೆ ಇವೆ. ಆದರೆ ಅವುಗಳನ್ನೆಲ್ಲ ಅರೆದು ನೋಡಿದರೆ ಉಳಿಯುವ ಕರ್ತವ್ಯಗಳು ಮೂರು: ಕಟ್ಟುವುದು, ಹೆಸರಿಡುವುದು, ಒಪ್ಪಿಸುವುದು. ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: ಕಟ್ಟುವುದು

ಚಾಲಕನು ಎಚ್ಚರ ತಪ್ಪಬಹುದು, ರಸ್ತೆ ಕುಸಿಯಬಹುದು, ಎದುರಿನಿಂದ ಬರುವವನು ಡಿಕ್ಕಿ ಹೊಡೆಯಬಹುದು. ಹೀಗಿರಲಾಗಿ ರಕ್ಷಣೆಯನ್ನು ಪೊಟ್ಟಣದಲ್ಲಿಯೇ ಇಡಬೇಕೆಂಬುದು ಈ ನಿಯಮಗಳ ಮೂಲತತ್ತ್ವ. ಒಳಗಿನ ವಸ್ತುವಿನ ಪ್ರಮಾಣ ಹೆಚ್ಚಿದಷ್ಟೂ ಹೊರಗಿನ ಕಟ್ಟು ಬಲವಾಗಬೇಕು. ಅತ್ಯಲ್ಪ ಪ್ರಮಾಣಕ್ಕೆ ವಿನಾಯಿತಿ ಪಡೆದ ಪೊಟ್ಟಣ, ಯುರೇನಿಯಮ್ ಅದಿರಿನಂತಹ ದುರ್ಬಲ ವಸ್ತುಗಳಿಗೆ ಔದ್ಯಮಿಕ ಪೊಟ್ಟಣ, ಮಧ್ಯಮ ಪ್ರಮಾಣಕ್ಕೆ 'ಎ' ಮಾದರಿ, ಅದನ್ನು ಮೀರಿದರೆ 'ಬಿ' ಮಾದರಿ ಎಂದು ಕ್ರಮ.

'ಎ' ಮಾದರಿಗೆ ಎಷ್ಟರವರೆಗೆ ತುಂಬಬಹುದೆಂಬುದು ಒಂದೊಂದು ವಸ್ತುವಿಗೆ ಒಂದೊಂದು. ಕ್ಷಣಕ್ಕೆ ಒಂದು ಲಕ್ಷ ಕೋಟಿ ಪರಮಾಣುಗಳು ಒಡೆಯುವ ಪ್ರಮಾಣಕ್ಕೆ ಟೆರಾಬೆಕೆರೆಲ್ ಎಂದು ಹೆಸರು. ಕೋಬಾಲ್ಟ್-60ಕ್ಕೆ ಮಿತಿ 0.4 ಟೆರಾಬೆಕೆರೆಲ್, ಸಾಮಾನ್ಯ ರೂಪದ ಅಯೊಡಿನ್-131ಕ್ಕೆ 0.7. ರೋಗಿಯೊಬ್ಬನಿಗೆ ಕೊಡುವ ಅಯೊಡಿನ್ ಈ ಮಿತಿಯ ನೂರರಲ್ಲಿ ಒಂದು ಪಾಲಿನಷ್ಟೂ ಆಗದಿರುವುದು ಸಾಮಾನ್ಯ. ಅದು 'ಎ' ಪೊಟ್ಟಣದಲ್ಲಿ ಬರುತ್ತದೆ. ಅರ್ಬುದ ಚಿಕಿತ್ಸಾ ಯಂತ್ರದ ಕೋಬಾಲ್ಟಾದರೋ ಮಿತಿಯ ನೂರಾರು ಪಟ್ಟು. ಅದಕ್ಕೆ 'ಬಿ' ಪೊಟ್ಟಣವೇ ಆಗಬೇಕು.

'ಎ' ಮಾದರಿಯು ಸಾಗಾಟದ ನಿತ್ಯದ ಕಷ್ಟಗಳನ್ನು ತಡೆಯತಕ್ಕದ್ದು. ಅದರ ಮೇಲೆ ಗಂಟೆಗೆ 5 ಸೆಂಟಿಮೀಟರ್ ಮಳೆಗೆ ಸಮನಾದ ನೀರನ್ನು ಒಂದು ಗಂಟೆ ಸುರಿಸುತ್ತಾರೆ. ಸಾಮಾನ್ಯ ತೂಕದ್ದನ್ನು 1.2 ಮೀಟರ್ ಎತ್ತರದಿಂದ ಕೆಡವುತ್ತಾರೆ. ಅದರ ತೂಕದ ಐದು ಪಟ್ಟು ಭಾರವನ್ನು 24 ಗಂಟೆ ಹೇರುತ್ತಾರೆ. 6 ಕಿಲೋಗ್ರಾಮಿನ ಕಬ್ಬಿಣದ ಸಲಾಕೆಯನ್ನು 1 ಮೀಟರ್ ಮೇಲಿನಿಂದ ಬೀಳಿಸುತ್ತಾರೆ. 2022ರ ಆಗಸ್ಟ್ ಆರಂಭದಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕಗಳಲ್ಲಿ ಸುರಿದ ಮಳೆಯನ್ನೂ ಉಕ್ಕಿದ ಹೊಳೆಗಳನ್ನೂ ಕಂಡವರಿಗೆ ಈ ನೀರಿನ ಪರೀಕ್ಷೆ ಬರಿಯ ಕಾಗದದ ಮಾತಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

'ಬಿ' ಮಾದರಿಯು ಭೀಕರ ಅಪಘಾತವನ್ನೇ ತಡೆಯಬೇಕು. ಅದನ್ನು 9 ಮೀಟರ್, ಎಂದರೆ ಮೂರಂತಸ್ತಿನ ಕಟ್ಟಡದಷ್ಟು ಎತ್ತರದಿಂದ ಬಗ್ಗದ ನೆಲಕ್ಕೆ ಕೆಡವುತ್ತಾರೆ. 1 ಮೀಟರ್ ಎತ್ತರದಿಂದ ಉಕ್ಕಿನ ಗೂಟದ ಮೇಲೆ ಬೀಳಿಸುತ್ತಾರೆ. 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಬೇಯಿಸುತ್ತಾರೆ. 15 ಮೀಟರ್ ಆಳದ ನೀರಿನ ಒತ್ತಡಕ್ಕೆ 8 ಗಂಟೆ ಒಡ್ಡುತ್ತಾರೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಹತ್ತಿರದ ಪೆರ್ನೆಯಲ್ಲಿ ಅನಿಲದ ಟ್ಯಾಂಕರ್ ಉರುಳಿ, ಹಬ್ಬಿದ ಬೆಂಕಿಯಲ್ಲಿ ಹಲವು ಜೀವಗಳು ಬೆಂದುಹೋದುದನ್ನು ನಮ್ಮ ಕಡೆಯವರು ಮರೆತಿಲ್ಲ. ಅಂತಹ ಬೆಂಕಿಯ ನಡುವೆ ಸಿಕ್ಕಿದರೂ ಈ ಪಾತ್ರೆ ಬಾಯಿಬಿಡಕೂಡದೆಂಬುದೇ ಅಗ್ನಿಪರೀಕ್ಷೆಯ ಉದ್ದೇಶ.

ಎರಡನೆಯದು: ಹೆಸರಿಡುವುದು

ಕಟ್ಟಿದ ಮೇಲೆ ಒಳಗೇನಿದೆ ಎಂಬುದನ್ನು ಹೊರಗೆ ಹೇಳಬೇಕು. ಪೊಟ್ಟಣದ ಎರಡು ವಿರುದ್ಧ ಮುಖಗಳಲ್ಲಿ ವಜ್ರಾಕೃತಿಯ ಚೀಟಿಗಳನ್ನು ಅಂಟಿಸುತ್ತಾರೆ. ಅವು ಮೂರು ಬಗೆ. ಪೂರ್ತಿ ಬಿಳಿಯ ಚೀಟಿಯಲ್ಲಿ ಒಂದು ಕೆಂಪು ಗೀಟು: ಪೊಟ್ಟಣದ ಮೈಮೇಲೆ ವಿಕಿರಣ ಗಂಟೆಗೆ 0.005 ಮಿಲಿಸೀವರ್ಟ್‌ಗಿಂತ ಹೆಚ್ಚಿಲ್ಲ. ಹಳದಿ ಮೇಲರ್ಧ, ಎರಡು ಕೆಂಪು ಗೀಟು: 0.5ರವರೆಗೆ. ಹಳದಿ, ಮೂರು ಗೀಟು: 2ರವರೆಗೆ. ಓದು ಬಾರದವನೂ ಗೀಟುಗಳನ್ನು ಎಣಿಸಬಲ್ಲನಷ್ಟೆ.

ಹಳದಿಯ ಚೀಟಿಗಳಲ್ಲಿ ವಸ್ತುವಿನ ಹೆಸರು, ಪ್ರಮಾಣಗಳ ಜೊತೆಗೆ 'ಸಾಗಣೆ ಸೂಚ್ಯಂಕ' ಎಂಬ ಸಂಖ್ಯೆಯೂ ಇರುತ್ತದೆ. ಪೊಟ್ಟಣದಿಂದ 1 ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ ಎಂದು ಅಳೆದು ಅದನ್ನು 100ರಿಂದ ಗುಣಿಸಿದರೆ ಆ ಅಂಕ ದೊರೆಯುತ್ತದೆ. ಉದಾಹರಣೆಗೆ ಸೂಚ್ಯಂಕ 2 ಎಂದಿದ್ದರೆ ಮಾರುದೂರಕ್ಕಿಂತ ಕಡಿಮೆಯ ಆ 1 ಮೀಟರಿನಲ್ಲಿ ಗಂಟೆಗೆ 0.02 ಮಿಲಿಸೀವರ್ಟ್, ಅಲ್ಲಿ 50 ಗಂಟೆ ನಿಂತರೆ ವರ್ಷದ ಮಿತಿಯಾದ 1 ಮುಟ್ಟುತ್ತದೆ. ಎರಡು ಗೀಟಿನ ಚೀಟಿಗೆ ಸೂಚ್ಯಂಕ 1ನ್ನು, ಮೂರು ಗೀಟಿನದಕ್ಕೆ 10ನ್ನು ಮೀರಕೂಡದು. ಇತರ ಸರಕಿನೊಡನೆ ಸಾಮಾನ್ಯ ರೀತಿಯಲ್ಲಿ ಒಯ್ಯುವಾಗ ಒಂದು ವಾಹನದ ಎಲ್ಲ ಪೊಟ್ಟಣಗಳ ಸೂಚ್ಯಂಕಗಳನ್ನು ಕೂಡಿಸಿದರೆ 50ನ್ನು ದಾಟಕೂಡದು.

ವಾಹನದ ಎರಡು ಪಕ್ಕಗಳಲ್ಲಿಯೂ ಹಿಂಭಾಗದಲ್ಲಿಯೂ ಇದೇ ಚಿಹ್ನೆಯ ದೊಡ್ಡ ಫಲಕಗಳಿರತಕ್ಕದ್ದು. 7 ಎಂಬ ಅಂಕಿಯು ಅಪಾಯಕರ ಸರಕುಗಳ ವರ್ಗೀಕರಣದಲ್ಲಿ ವಿಕಿರಣಶೀಲ ವಸ್ತುಗಳಿಗಿರುವ ಸ್ಥಾನ. ವಾಹನದ ಹೊರಮೈಯಲ್ಲಿ ಗಂಟೆಗೆ 2 ಮಿಲಿಸೀವರ್ಟ್, 2 ಮೀಟರ್ ದೂರದಲ್ಲಿ 0.1 ಮಿಲಿಸೀವರ್ಟ್ ಎಂಬುದು ಪರಮಾವಧಿ.

ಈ ಎಸಳುಗಳು ಸ್ವತಃ ಅರ್ಥ ಹೇಳುವುದಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಚಿಹ್ನೆ 1946ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಶಾಲೆಯಲ್ಲಿ ರೂಪುಗೊಂಡುದು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಮಗುವು ಹಿರಿಯರ ವ್ಯವಹಾರವನ್ನು ಕಂಡು ಕಲಿಯುತ್ತದೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಈ ಎಸಳುಗಳ ಅರ್ಥವಾದರೂ ಅಷ್ಟೇ. ಹೇಳಿಕೊಡುವ ಹಿರಿಯರಿಲ್ಲದಿದ್ದರೆ ನೋಡಿದವನಿಗೆ ಅದು ಹೂವು, ಇಲ್ಲವೆ ಗಾಳಿಯ ಪಂಖ. ಈ ತೊಡಕನ್ನು ಅರಿತೇ 2007ರಲ್ಲಿ ಅತಿ ಅಪಾಯಕರ ಮೂಲಗಳಿಗಾಗಿ ಇನ್ನೊಂದು ಚಿಹ್ನೆಯನ್ನು ಜಾರಿಗೆ ತಂದರು: ಕೆಂಪು ತ್ರಿಕೋನ, ಮೇಲೆ ಎಸಳುಗಳಿಂದ ಹೊಮ್ಮುವ ಅಲೆಗಳು, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡುತ್ತಿರುವ ಮನುಷ್ಯ.

ಮೂರನೆಯದು: ಒಪ್ಪಿಸುವುದು

ಕಳುಹಿಸುವವನು, ಒಯ್ಯುವವನು, ಪಡೆಯುವವನು ಎಂಬ ಮೂವರ ಕೈಗಳ ನಡುವೆ ವಸ್ತು ಎಲ್ಲಿಯೂ ಅನಾಥವಾಗಕೂಡದು. ಸರಿಯಾದ ಪೊಟ್ಟಣ, ಚೀಟಿ, ಕಾಗದಪತ್ರಗಳ ಮುಖ್ಯ ಹೊಣೆ ಕಳುಹಿಸುವವನದು. ಒಳಗೇನಿದೆ, ಎಷ್ಟಿದೆ, ಯಾರಿಂದ ಯಾರಿಗೆ ಹೋಗುತ್ತಿದೆ ಎಂಬ ಘೋಷಣಾಪತ್ರವೂ, ಅವಘಡವಾದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದ ತುರ್ತು ಸೂಚನೆಯ ಪತ್ರವೂ ಚಾಲಕನ ಬಳಿ ಇರಬೇಕು. ಹಳದಿ ಚೀಟಿಯ ಪೊಟ್ಟಣವಿರುವ ವಾಹನದಲ್ಲಿ ಚಾಲಕನೂ ಸಹಾಯಕರೂ ಹೊರತು ಬೇರೆ ಪ್ರಯಾಣಿಕರು ಕುಳಿತುಕೊಳ್ಳಲಾಗದು. ಹೀಗಾಗಿ ಬೆಸುಗೆ ಪರೀಕ್ಷೆಯ ಪೆಟ್ಟಿಗೆಯನ್ನು ಕೈಚೀಲದಂತೆ ಹಿಡಿದು ಬಸ್ಸು ಹತ್ತುವ ಪ್ರಶ್ನೆಯೇ ಏಳುವುದಿಲ್ಲ. ಪೊಟ್ಟಣ ಅಲುಗಾಡದಂತೆ ಬಿಗಿದಿರಬೇಕು. ದಾರಿಯಲ್ಲಿ ಕಾವಲಿಲ್ಲದೆ ಬಿಟ್ಟುಹೋಗಕೂಡದು. ಪಡೆದವನು ತೆರೆದು ನೋಡಿ, ಸರಿಯಾಗಿ ಬಂದಿದೆಯೆಂದು ಒಪ್ಪಿದಾಗಲೇ ಪ್ರಯಾಣ ಮುಗಿಯಿತು. ಉಪಯೋಗ ತೀರಿದ ಮೂಲವನ್ನು ಅನುಮತಿ ಪಡೆದ ಕೇಂದ್ರಕ್ಕೆ ಹಿಂತಿರುಗಿಸುವುದೂ ಇದೇ ಸರಪಳಿಯ ಕೊಂಡಿ.

ನಿಯಮ ತಪ್ಪಿದಾಗ

ಮೂರರಲ್ಲಿ ಯಾವುದು ತಪ್ಪಿದರೂ ಫಲವೇನೆಂಬುದಕ್ಕೆ ಲೋಕದಲ್ಲಿ ದೃಷ್ಟಾಂತಗಳಿವೆ.

ಕಟ್ಟು ಸಡಿಲಿದುದಕ್ಕೆ ಆಸ್ಟ್ರೇಲಿಯದ ಸಂಗತಿ ಸಾಕ್ಷಿ. 2023ರ ಜನವರಿಯಲ್ಲಿ ಅಲ್ಲಿನ ಗಣಿಯೊಂದರಿಂದ ಪರ್ತ್ ನಗರಕ್ಕೆ ಲಾರಿಯಲ್ಲಿ ಕಳುಹಿಸಿದ ಮಾಪಕದ ತಿರುಪು ಸಡಿಲಗೊಂಡು, 8 ಮಿಲಿಮೀಟರ್ ಉದ್ದ 6 ಮಿಲಿಮೀಟರ್ ಅಗಲದ ಸೀಸಿಯಮ್ ಮಾತ್ರೆ ದಾರಿಯಲ್ಲಿ ಉದುರಿತು. ಪೆಟ್ಟಿಗೆಯನ್ನು ತೆರೆದು ನೋಡುವವರೆಗೆ ಯಾರಿಗೂ ತಿಳಿಯಲಿಲ್ಲ. ಸುಮಾರು 1400 ಕಿಲೋಮೀಟರ್ ಹಾದಿಯನ್ನು ಜಾಲಾಡಿ, ಫೆಬ್ರವರಿ 1ರಂದು ರಸ್ತೆಯಿಂದ 2 ಮೀಟರ್ ಆಚೆ ಅದನ್ನು ಕಂಡುಹಿಡಿದರು. ಕಡಲೆಕಾಳಿನಷ್ಟು ವಸ್ತುವಿಗಾಗಿ ಒಂದು ರಾಜ್ಯವೇ ನೆಲ ನೋಡುತ್ತ ನಡೆಯಬೇಕಾಯಿತು.

ಕಾವಲು ತಪ್ಪಿದುದಕ್ಕೆ ಮೆಕ್ಸಿಕೋ ದೇಶದ ಸಂಗತಿ. 2013ರ ಡಿಸೆಂಬರಿನಲ್ಲಿ ಆಸ್ಪತ್ರೆಯ ಹಳೆಯ ಕೋಬಾಲ್ಟನ್ನು ಒಯ್ಯುತ್ತಿದ್ದ ಲಾರಿ ಪೆಟ್ರೋಲ್ ಬಂಕಿನ ಬಳಿ ನಿಂತಿದ್ದಾಗ ಕಳ್ಳರು ಲಾರಿಯನ್ನೇ ಅಪಹರಿಸಿದರು. ಎರಡು ದಿನಗಳ ಬಳಿಕ ಕವಚದಿಂದ ಹೊರತೆಗೆಯಲ್ಪಟ್ಟ ಕೋಬಾಲ್ಟ್ ದೊರಕಿತು.

ಹೆಸರೂ ಒಪ್ಪಿಸುವಿಕೆಯೂ ಎರಡೂ ತಪ್ಪಿದುದಕ್ಕೆ ದೂರ ಹೋಗಬೇಕಾಗಿಲ್ಲ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷಗಳಿಂದ ಉಪಯೋಗವಿಲ್ಲದೆ ಬಿದ್ದಿದ್ದ ಕೋಬಾಲ್ಟ್ ಯಂತ್ರವನ್ನು 2010ರಲ್ಲಿ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಪೇಟೆಗೆ ಹೋಯಿತು. ಒಳಗೇನಿದೆ ಎಂದು ತಿಳಿಯದ ಕೂಲಿಗಳು ಅದನ್ನು ಬಿಡಿಸಿದರು. ಏಪ್ರಿಲಿನಲ್ಲಿ ಹಲವರು ಕಾಯಿಲೆ ಬಿದ್ದರು, ಒಬ್ಬನು ಸತ್ತನು. ಇದಕ್ಕಿಂತಲೂ ಕರುಣಾಜನಕವಾದುದು ಬ್ರೆಜಿಲ್ ದೇಶದ ಗೊಯಾನಿಯ ನಗರದ್ದು. 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ತೆಗೆದ ಯಂತ್ರವನ್ನು ಗುಜರಿಗೆ ಮಾರಿದರು. ಒಳಗಿನ ಸೀಸಿಯಮ್ ಪುಡಿ ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚೆಲುವಾದ ವಸ್ತುವೆಂದು ಅದನ್ನು ಬಂಧುಮಿತ್ರರಿಗೆ ಹಂಚಿದರು, ಮೈಗೆ ಬಳಿದುಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಬಾಲಿಕೆ. ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು.

ಈ ಕೊನೆಯ ಎರಡು ಪ್ರಸಂಗಗಳಲ್ಲಿ ವಸ್ತು ನಿಯಮದ ಹಾದಿಯನ್ನು ಬಿಟ್ಟು ಗುಜರಿಯ ಹಾದಿಯನ್ನು ಹಿಡಿದಿತ್ತೆಂಬುದನ್ನು ಗಮನಿಸಿರಿ. ಮಾರುವವರಿಗೂ ಕೊಳ್ಳುವವರಿಗೂ ಒಡೆಯುವವರಿಗೂ ಅದು ಏನೆಂದು ತಿಳಿದಿದ್ದರೆ, ಕಡೆಗೆ ಒಬ್ಬನಿಗಾದರೂ ತಿಳಿದಿದ್ದರೆ, ಆ ಪಯಣ ಅಲ್ಲಿಯೇ ನಿಲ್ಲುತ್ತಿತ್ತು.

ಹಾದಿಹೋಕನ ಕರ್ತವ್ಯ

ಫಲಕವಿರುವ ವಾಹನ ರಸ್ತೆಯಲ್ಲಿ ಸಹಜವಾಗಿ ಹೋಗುತ್ತಿದ್ದರೆ ಅಂಜಬೇಕಾದುದಿಲ್ಲ, ದಾರಿ ಬಿಡಿರಿ. ನಿಂತಿದ್ದರೆ ಒರಗಬೇಡಿರಿ, ನೆರಳಿಗೆಂದು ಪಕ್ಕದಲ್ಲಿ ಕುಳಿತುಕೊಳ್ಳಬೇಡಿರಿ. ದೂರವೇ ದೊಡ್ಡ ರಕ್ಷೆ: ಚಿಕ್ಕ ಮೂಲವೊಂದರಿಂದ ದೂರ ಎರಡರಷ್ಟಾದರೆ ವಿಕಿರಣ ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು.

ವಾಹನ ಮಗುಚಿದರೆ ಗಾಯಗೊಂಡವರನ್ನು ಎತ್ತುವುದೇ ಮೊದಲ ಕೆಲಸ. ವಿಕಿರಣದ ಹೆದರಿಕೆಯಿಂದ ಪ್ರಾಣ ಉಳಿಸುವುದನ್ನು ತಡಮಾಡಕೂಡದು. ಆಮೇಲೆ ಜನರನ್ನು ಸುಮಾರು 30 ಮೀಟರ್ ಆಚೆ ನಿಲ್ಲಿಸಿ, 112ಕ್ಕೆ ಕರೆಮಾಡಿ, ಫಲಕದಲ್ಲಿ ಕಂಡುದನ್ನು ಕಂಡಂತೆ ಪೊಲೀಸರಿಗೆ ತಿಳಿಸಿರಿ. ಚದರಿದ ವಸ್ತುವನ್ನು ಮುಟ್ಟಲಾಗದು. ಅಲ್ಲಿ ತಿನ್ನುವುದು, ಕುಡಿಯುವುದು, ಬೀಡಿ ಸೇದುವುದು ಸಲ್ಲದು. ಗುಜರಿಯ ರಾಶಿಯಲ್ಲಿ ಈ ಗುರುತು ಕಂಡರೂ, ಗುರುತಿಲ್ಲದಿದ್ದರೂ ಗಾತ್ರಕ್ಕೆ ಮೀರಿದ ಭಾರವಿರುವ ಸೀಸದ ಪೆಟ್ಟಿಗೆ ಕಂಡರೂ, ಬಿಡಿಸದೆ ತಿಳಿಸಿರಿ.

ಉಪಸಂಹಾರ

ಘಾಟಿಯ ಆ ಸಂಜೆ ಕಳೆದು ಎರಡು ವರ್ಷಗಳ ಬಳಿಕ ನನ್ನ ತಂಗಿಗೆ ಥೈರಾಯ್ಡ್ ಗ್ರಂಥಿಯ ಅರ್ಬುದವೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯ ಮೇಲೆ ಅಯೊಡಿನ್-131 ಕೊಡಬೇಕೆಂದರು. ಆಸ್ಪತ್ರೆಯ ಆ ಕೋಣೆಯ ಬಾಗಿಲಿನಲ್ಲಿ ನಾನು ಕಂಡುದು ಅದೇ ಮೂರು ಎಸಳು. ಗೊತ್ತಾದ ದಿನ ಔಷಧ ಬರಲಿಲ್ಲ. ಮಳೆಯಿಂದ ಹಾದಿ ಕಟ್ಟಿತ್ತು. ಎರಡು ದಿನ ತಡವಾಗಿ ಬಂದಾಗ ವೈದ್ಯರು ಲೆಕ್ಕ ಮಾಡಿ, ಶೇಕಡಾ 16ರಷ್ಟು ದಾರಿಯಲ್ಲಿಯೇ ಕರಗಿದೆಯೆಂದು ಹೇಳಿ, ಇನ್ನೊಂದು ಪೊಟ್ಟಣದಿಂದ ಅದನ್ನು ತುಂಬಿಕೊಟ್ಟರು. ಆ ಎರಡು ದಿನ ನಾನು ಕಿಟಕಿಯ ಬಳಿ ನಿಂತು ಹಳದಿ ಫಲಕದ ವ್ಯಾನಿಗಾಗಿ ಕಾದೆ. ಅದು ಗೇಟಿನೊಳಗೆ ಬಂದಾಗ ಕೈಮುಗಿಯಬೇಕೆನಿಸಿತು. ತಂಗಿ ಈಗ ಮನೆಯಲ್ಲಿ ಕ್ಷೇಮವಾಗಿದ್ದಾಳೆ.

ಆಗ ನನಗೆ ಈ ನಿಯಮಗಳ ತಾತ್ಪರ್ಯ ಪೂರ್ಣವಾಗಿ ತಿಳಿಯಿತು. ತಿಳಿಯದವನು ವ್ಯಾನಿಗೆ ಒರಗಿ ನಿಲ್ಲುತ್ತಾನೆ. ಅರ್ಧ ತಿಳಿದವನು ಹೆದರಿ, ಇದು ನಮ್ಮ ಊರಿನ ಹಾದಿಯಲ್ಲಿ ಬರಕೂಡದೆಂದು ಅಡ್ಡ ನಿಲ್ಲುತ್ತಾನೆ. ಮೊದಲನೆಯವನು ತನಗೆ ಕೇಡು ತಂದುಕೊಳ್ಳುತ್ತಾನೆ. ಎರಡನೆಯವನು ಹಾದಿ ಕಾಯುತ್ತಿರುವ ರೋಗಿಗೆ ಕೇಡು ಮಾಡುತ್ತಾನೆ. ಹಾದಿಯ ಪಕ್ಕದವನೂ ಬದುಕಬೇಕು, ಹಾದಿಯ ಕೊನೆಯಲ್ಲಿರುವವಳೂ ಬದುಕಬೇಕು. ಕಟ್ಟು, ಹೆಸರು, ಒಪ್ಪಿಸುವಿಕೆಗಳು ಈ ಎರಡನ್ನೂ ಒಟ್ಟಿಗೆ ಸಾಧಿಸುವ ಉಪಾಯ.

ಕಳೆದ ವರ್ಷ ಅದೇ ಕಂಡಕ್ಟರು ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಅಂದು ನಾನು ಹೇಳಿದುದು ತಪ್ಪೆಂದು ತಿಳಿಸಿ, ಗುರುತಿನ ಅರ್ಥವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಂದು ಅದಕ್ಕೆ ಒರಗಿ ನಿಂತವರಿಗೆ ಎಂಥ ಆದೀತು ಮಾಷ್ಟ್ರೇ?" ಎಂದರು. ಲೆಕ್ಕ ಮಾಡಿ ತೋರಿಸಿದೆ. ಅವರು ನಿಂತುದು ಸುಮಾರು ಅರ್ಧ ಗಂಟೆ. ವಾಹನದ ಮೈಯಲ್ಲಿ ನಿಯಮದ ಪರಮಾವಧಿಯೇ ಇದ್ದಿತೆಂದು ಇಟ್ಟುಕೊಂಡರೂ ತಟ್ಟಿದುದು 1 ಮಿಲಿಸೀವರ್ಟ್. ಎಂದರೆ ಒಂದು ವರ್ಷದ ಮಿತಿ ಅರ್ಧ ಗಂಟೆಯಲ್ಲಿ ಮುಗಿಯಿತು, ಕಾಯಿಲೆಯೇನೂ ಬರುವಷ್ಟಲ್ಲ. ಎರಡು ಮೀಟರ್ ಆಚೆ ನಿಂತಿದ್ದರೆ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಮೀರುತ್ತಿರಲಿಲ್ಲ. "ನಾಲ್ಕು ಹೆಜ್ಜೆ ಆಚೆ ನಿಂತಿದ್ರೆ ಆಗ್ತಿತ್ತು" ಎಂದು ಅವರು ತಲೆದೂಗಿದರು. ಪಾಠದ ಸಾರವೆಲ್ಲ ಅಷ್ಟೇ.

ಈಗ ಪ್ರತಿವರ್ಷ ಎಂಟನೆಯ ತರಗತಿಗೆ ವರ್ಣಮಾಲೆಯ ಪುನರಾವರ್ತನೆ ಮುಗಿದ ದಿನ, ಕರಿಹಲಗೆಯ ಮೇಲೆ ಕೊನೆಯ ಅಕ್ಷರದ ಪಕ್ಕದಲ್ಲಿ ಮೂರು ಎಸಳುಗಳನ್ನು ಬರೆದು, ಇದೇನೆಂದು ಕೇಳುತ್ತೇನೆ. ಹೂವೆಂದು ಹೇಳುವ ಮಕ್ಕಳು ಇನ್ನೂ ಇದ್ದಾರೆ. ತರಗತಿ ಬಿಡುವ ಹೊತ್ತಿಗೆ ಯಾರೂ ಹಾಗೆ ಹೇಳುವುದಿಲ್ಲ.